ಹಿಂದೆ ಹೇಳಿದೋಳು

ಪಾಂಡವಪುರ
೧೧ ನವೆಂಬರ್ ೨೦೨೪, ಸೋಮವಾರ

ಬಂಗಾರದಂಥ ತಂಗಿ ಯಶೋಧರಾಗೆ, ಅಕ್ಕ ಮಂಗಳಮ್ಮನ ತುಂಬು ಆಶೀರ್ವಾದ.

ಎಂಗಿದ್ದೀಯವ್ವ? ಆಪರೇಷನ್ ಆದ ಜಾಗ ಒಣಗ್ತಾ ಐತಾ? ಆಚೆ ಹೋಗೋವಾಗ ಕೊರಳ ತೂತಿಗೆ ತೆಳ್ಳನೆ ಬಟ್ಟೆ ಕಟ್ಕೊಂಡೇ ಹೋಗು, ಭದ್ರಾವತಿ ಧೂಳು ಸಾಮಾನ್ಯದ್ದಲ್ಲ. ಗಂಜಿ ಬಿಟ್ಟು ಈಗ ಮೆತ್ತನೆ ಮುದ್ದೆ ನುಂಗ್ತಾವ್ಳೆ ಅಂತ ನಿನ್ನ ಯಜಮಾನ್ರು ಹೇಳಿದ್ರು, ಕೇಳಿ ಹೊಟ್ಟೆ ತಣ್ಣಗಾಯ್ತು. ಇಲ್ಲಿ ಎಲ್ರೂ ಚೆಂದಾಗಿದ್ದೀವಿ, ನನ್ನ ಮಂಡಿ ಒಂದು ಬಿಟ್ರೆ. ಫೋನ್ ಮಾಡ್ಬೋದಿತ್ತು. ಆದ್ರೆ ಫೋನಲ್ಲಿ ನಾನೊಬ್ಳೇ ಬಡ್ಕೋಬೇಕು, ನೀನು ಹೂಂ ಅನ್ನೋ ಬದಲು ಚಮಚ ತಗೊಂಡು ಲೋಟ ಕುಟ್ತೀಯ. ಆ ಟಣ್ ಟಣ್ ಕೇಳುದ್ರೆ ನನ್ಗೆ ಕರುಳು ಕಿತ್ತಂಗಾಯ್ತದೆ. ಅದಕ್ಕೇ ಕಾಗದ.

ಹೋದ ಕಾಗದದಲ್ಲಿ ನೀನು ಕೇಳಿದ್ದು ಒಂದೇ. "ಅಕ್ಕಾ, ನನ್ನ ಧ್ವನಿ ಎಂಗಿತ್ತು ಅಂತ ನನಗೇ ಮರೀತಾ ಐತೆ, ಅವ್ವನ ರೇಡಿಯೋ ಕ್ಯಾಸೆಟ್ ಕಳಿಸ್ಕೊಡು" ಅಂತ. ಓದಿ ಸೆರಗು ಬಾಯಿಗಿಟ್ಕೊಂಡು ಅತ್ತೆ. ಕಳಿಸೋಕೆ ಆಗಲ್ಲ ಕಣೆ. ಯಾಕೆ ಅಂತ ಬರೀತೀನಿ, ಬರೆಯೋಕೂ ಹೇಸಿಗೆ ಆಯ್ತದೆ.

ನಿನಗಾಗ ಹದಿನಾಲ್ಕು. ಮೈಸೂರಿನ ಆ ಹಳೇ ಸ್ಟುಡಿಯೋದಿಂದ ರೇಡಿಯೋಲಿ ಹಾಡುಗಾರಿಕೆ ನೇರವಾಗಿ ಬರ್ತಿದ್ದ ಕಾಲ. ಗೋಡೆಗೆಲ್ಲ ತೂತುತೂತಿನ ಹಲಗೆ, ನೆಲಕ್ಕೆ ಜಮಖಾನ, ಕೆಂಪು ದೀಪ ಹತ್ತಿದ್ರೆ ಯಾರೂ ಪಿಟಕ್ ಅನ್ನಂಗಿಲ್ಲ. ಸೋಬಾನೆ ಹಾಡೋಕೆ ಅವ್ವ ನಿನ್ನ ಕರ್ಕೊಂಡು ಹೋದ್ಲು. ಅವ್ವ ಮುಂದೆ ಹೇಳೋಳು, ಅದೇ ಸಾಲನ್ನ ನೀನು ಹಿಂದೆ ಹೇಳೋಳು. ಇಬ್ರಿಲ್ದೆ ಸೋಬಾನೆ ಎಲ್ಲೈತೆ ಹೇಳು. ಸಾಲಿನ ತುದೀನ ಮೂಗಲ್ಲಿ ಎಳೀತೀಯ ಅಂತ ಅವ್ವ ಮೈಸೂರಿನ ತನಕ ನಿನ್ನ ಬಯ್ಕೊಂಡೇ ಹೋಗಿದ್ಲಂತೆ. ಕೊನೇ ನುಡೀಲಿ ಅವಳಿಗೇ ಕೆಮ್ಮು ಹಿಡ್ಕೊಂಡ್ತು. ಕೆಂಪು ದೀಪ ಉರೀತಾ ಐತೆ, ಊರೆಲ್ಲ ಕೇಳ್ತಾ ಐತೆ, ನೀನೇ ಸಾಲು ಎತ್ಕೊಂಡು ಮುಂದೆ ಹೇಳ್ದೆ, ಅವ್ವ ಸುಧಾರಿಸ್ಕೊಂಡು ನಿನ್ನ ಹಿಂದೆ ಹೇಳಿದ್ಲು. ಶ್ರೀರಂಗಪಟ್ಟಣದಲ್ಲಿ ರೇಡಿಯೋ ರಿಪೇರಿ ಮಾಡೋ ವಜೀರ್ ಪಾಷಾ ಅವತ್ತು ಅಂಗಡೀಲಿ ಕೂತು ಅದನ್ನ ಕ್ಯಾಸೆಟ್ಟಿಗೆ ಹಿಡಿದು ಅವ್ವನ ಕೈಗೆ ಕೊಟ್ರು. ಸಾಯೋ ತನಕ ಅವ್ವ ಅದನ್ನ ರೇಷ್ಮೆ ಸೀರೆ ಮಡಿಕೇಲಿ ಇಟ್ಟಿದ್ಲು.

ಈಗ ಕೇಳು. ಹೋದ ವಾರ ನಾಗಮಂಗಲ ಬಸ್‌ಸ್ಟ್ಯಾಂಡಲ್ಲಿ ಇಳಿದೆ. ಕಬ್ಬಿನ ಹಾಲಿನ ಅಂಗಡೀಲಿ ಸ್ಪೀಕರ್ ಬಡ್ಕೊತಾ ಇತ್ತು. ಮೊದ್ಲು ಢಬಢಬ ಅಂತ ಡ್ರಮ್ಮು, ಅದರ ಮೇಲೆ ನಮ್ಮವ್ವ. ಹಸೆಗೆ ಕರಿಯೋ ಹಾಡು ಕಣೆ, ಅದಕ್ಕೆ ನಾಲ್ಕು ಜನ ಪಡ್ಡೆಗಳು ಸೊಂಟ ಕುಣಿಸ್ತಾವ್ರೆ. ನಡುವೆ ಯಾವನೋ ಒಬ್ಬ "ಎತ್ಲಾ, ಎತ್ಲಾ" ಅಂತ ಅರಚ್ತಾನೆ. ಬಾಯಲ್ಲಿದ್ದ ಕಬ್ಬಿನ ಹಾಲು ಅಲ್ಲೇ ಉಗಿದೆ. ಒಂದು ನುಡಿ ಮುಗಿಯೋ ತನಕವೂ ನಿಲ್ಲೋಕಾಗ್ಲಿಲ್ಲ, ಮೈಮೇಲೆ ಜಿರಲೆ ಹರಿದಂಗಾಗಿ ಓಡಿ ಬಂದೆ.

ಇದನ್ನ ಮಾಡ್ದೋನು ಯಾರು ಅಂದ್ಕೊಂಡೆ? ನಮ್ಮ ಮುದ್ದಿನ ತಮ್ಮ, ತಿಮ್ಮರಾಜು. ಕೆ.ಆರ್.ಪೇಟೇಲಿ ಮಹದೇವಸ್ವಾಮಿ ಅಂತೊಬ್ಬ ಅವ್ನೆ. ಆ ಸ್ಟುಡಿಯೋ ಬಾಗಿಲು ಹಾಕಿ ಯಾವ ಕಾಲ ಆಯ್ತೋ, ಇವನು ಊರೂರು ಸುತ್ತಿ, ಜನ ಮನೇಲಿ ರೇಡಿಯೋದಿಂದ ಹಿಡ್ಕೊಂಡಿದ್ದ ಕ್ಯಾಸೆಟ್ಟೆಲ್ಲ ಬಾಚಿ ತಂದು, ಪೆನ್‌ಡ್ರೈವಿಗೆ ತುಂಬಿ "ಸ್ಟುಡಿಯೋ ಲೈವ್ ಒರಿಜಿನಲ್" ಅಂತ ಮಾರ್ತಾನೆ. ಕೇಳೋರಿಲ್ಲ ಹೇಳೋರಿಲ್ಲ. ನಮ್ಮವನು ಅವ್ವನ ಟ್ರಂಕು ತೆಗೆದು ನನಗೊಂದು ಮಾತೂ ಹೇಳ್ದೆ ಕ್ಯಾಸೆಟ್ ಒಯ್ದು ಕೊಟ್ಟವ್ನೆ. ಕೇಳಿದ್ರೆ, "ಅವ್ವನ ಹೆಸರು ಉಳೀಲಿ ಅಂತ ಕೊಟ್ಟೆ ಕಣಕ್ಕ" ಅಂತಾನೆ. ಹೆಸರು ಎಲ್ಲೂ ಇಲ್ಲ. ಕವರಿನ ಮೇಲೆ ತೋಳಿಲ್ಲದ ರವಿಕೆ ಹಾಕ್ಕೊಂಡು ಕಣ್ಣು ಹೊಡೆಯೋ ಒಬ್ಬ ಹುಡುಗಿ ಫೋಟೋ. ನಮ್ಮವ್ವ ತಲೆ ಮೇಲಿನ ಸೆರಗು ಜಾರಿದ್ರೆ ಹಾಡು ನಿಲ್ಲಿಸ್ತಿದ್ದೋಳು.

ಸುಮ್ನಿರ್ತೀನಾ, ತಿಮ್ಮರಾಜೂನ ಎಳ್ಕೊಂಡು ಕೆ.ಆರ್.ಪೇಟೆಗೇ ಹೋದೆ. ಮಹದೇವಸ್ವಾಮಿ ಅಡಿಕೆ ಜಗೀತಾ ಕುರ್ಚೀಲಿ ತಿರುಗ್ತಾ ಕೂತಿದ್ದ. ನಮ್ಮ ಮುಂದೆನೇ ಹಾಡು ಹಾಕಿ, "ನೋಡಕ್ಕ ಎಂಗೆ ಕ್ಲೀನ್ ಮಾಡಿವ್ನಿ" ಅಂದ. ಕೇಳ್ತೀನಿ, ಅವ್ವ ಒಂದು ಸಾಲು ಹೇಳ್ತಾಳೆ, ಹಿಂದೇನೇ ಅವ್ವಂದೇ ಇನ್ನೊಂದು ಸಾಲು. ನೀನೇ ಇಲ್ಲ. ನಿಲ್ಲಿಸಪ್ಪ, ಹಿಂದೆ ಹೇಳೋಳು ಎಲ್ಲಿ ಅಂದೆ. "ಅಯ್ಯೋ, ಒಂದೊಂದು ಸಾಲೂ ಎರಡೆರಡು ಸಲ ಬತ್ತದೆ, ಈಗಿನ ಜನಕ್ಕೆ ಬೋರು. ಎರಡನೇದನ್ನೆಲ್ಲ ಕತ್ತರಿಸ್ಬುಟ್ಟೆ. ಕೆಮ್ಮುನೂ ತೆಗೆದ್ಬುಟ್ಟೆ" ಅಂದ. ಏನೋ ದೊಡ್ಡ ಉಪಕಾರ ಮಾಡ್ದಂಗೆ. ಕತ್ತರಿಸದೇ ಇರೋದನ್ನ ಕೊಡು ಅಂದೆ. ಅದನ್ನ ಕಂಪ್ಯೂಟರಿಂದ ಅಳಿಸವ್ನಂತೆ. ಕ್ಯಾಸೆಟ್ ಕೊಡು ಅಂದೆ. ಮಿಷಿನ್ನಿಗೆ ಸುತ್ಕೊಂಡು ತುಂಡಾಯ್ತಂತೆ, ಕಸಕ್ಕೆ ಹೋಯ್ತಂತೆ. ಥೂ. ಪಕ್ಕದಲ್ಲೇ ನಿಂತಿದ್ದ ತಿಮ್ಮರಾಜು, "ಹೋಗ್ಲಿ ಬುಡಕ್ಕ, ಅವ್ವಂದು ಉಳೀತಲ್ಲ" ಅಂದ. ನಿನಗೆ ಗಂಟಲು ಹೋಗಿರೋದು ಗೊತ್ತಿರೋ ತಮ್ಮ ಆಡೋ ಮಾತಾ ಇದು? ಆವತ್ತಿಂದ ನಾನು ಅವನ ಮನೆ ನೀರು ಮುಟ್ಟಿಲ್ಲ.

ವಜೀರ್ ಪಾಷಾಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಅಂಗಡಿ ಮಗ ನೋಡ್ಕೊತಾನೆ. ಆದ್ರೂ ನಾಳೆ ಶ್ರೀರಂಗಪಟ್ಟಣಕ್ಕೆ ಹೋಗಿ, ಅವರ ಹತ್ರ ಇನ್ನೊಂದು ಕ್ಯಾಸೆಟ್ ಏನಾದ್ರೂ ಉಳ್ದೈತಾ ಅಂತ ಕೇಳ್ತೀನಿ. ಈ ಕಾಗದನೂ ಅಲ್ಲೇ ಅಂಚೆಗೆ ಹಾಕ್ತೀನಿ. ನೀನು ಆಸೆ ಇಟ್ಕೋಬೇಡ. ನಿನ್ನ ಧ್ವನಿ ಎಂಗಿತ್ತು ಅಂತ ನನ್ನ ಕಿವೀಲಿ ಐತೆ, ಆದ್ರೆ ಅದನ್ನ ಎಂಗೆ ತೆಗೆದು ಕೊಡ್ಲಿ.

ನಿನ್ನ ಯಜಮಾನ್ರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವ್ರು ನಿನ್ನ ತಣ್ಣಗಿಟ್ಟಿರ್ಲಿ.

ನಿನ್ನಕ್ಕ,
ಮಂಗಳ

ಮರೆತ ಮಾತು: ಅಕ್ಷರ ಸೊಟ್ಟಗಿದ್ರೆ ಬೈಬೇಡ, ಶ್ರೀರಂಗಪಟ್ಟಣದ ಬಸ್ಸಲ್ಲಿ ಕೂತು ಬರೀತಾ ಇವ್ನಿ. ಈ ದರಿದ್ರ ಡ್ರೈವರೂ ಅದೇ ಹಾಡು ಹಾಕ್ಬುಟ್ಟ. ಆರ್ಸಪ್ಪ ಅಂತ ಕೂಗಿದ್ರೆ ಕಂಡಕ್ಟರು "ಸುಮ್ಕೆ ಕೂತ್ಕಳಮ್ಮೋ" ಅಂದ. ಇಳಿದು ಓಡೋಕೆ ಆಗ್ದೆ ಕೊನೇ ತನಕ ಕೇಳ್ದೆ. ಯಶೂ, ಕೊನೇ ನುಡೀಲಿ ಸಾಲಿನ ತುದಿ ಮೂಗಲ್ಲಿ ಎಳೀತು. ಅದು ಅವ್ವ ಅಲ್ಲ ಕಣೆ, ನೀನು. ಯಾರು ಹಾಡ್ತಾವ್ರೆ ಅಂತ ಆ ಮಹದೇವಸ್ವಾಮಿ ಕಿವಿ ಕೊಟ್ಟು ಕೇಳಿದ್ರೆ ತಾನೆ, ಎರಡನೇ ಸಲ ಬಂದಿದ್ದನ್ನೆಲ್ಲ ಕಣ್ಮುಚ್ಕೊಂಡು ಕತ್ತರಿಸವ್ನೆ. ಅಲ್ಲಿ ಮುಂದೆ ಹೇಳಿದೋಳು ನೀನು, ಹಿಂದೆ ಹೇಳಿದೋಳು ಅವ್ವ. ಅವ್ವ ಹೋದ್ಲು, ನೀನು ಉಳ್ದೆ. ಡ್ರೈವರ್ ಹತ್ರ ಗಲಾಟೆ ಮಾಡಿ ಆ ಪೆನ್‌ಡ್ರೈವ್ ಈಸ್ಕೊಂಡಿದ್ದೀನಿ, ಕವರಲ್ಲೇ ಇಟ್ಟಿದ್ದೀನಿ. ಡ್ರಮ್ಮಿಗೆ ಉಗಿದು ಹಾಡು ಕೇಳು. ಕೇಳಿ ಮುಗಿದ ಕೂಡ್ಲೇ ನನಗೆ ಫೋನ್ ಮಾಡಿ ಲೋಟ ಕುಟ್ಟು.