ಎರಡು ತಟ್ಟಿದರೆ ನಗು

ಮನೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ತಮ್ಮನ ಮನೆಯ ಲಿಫ್ಟು ಆಗಾಗ ಕೆಟ್ಟು ನಿಲ್ಲುತ್ತದಂತೆ. ಅಂಥ ದಿನ ಪೇಪರ್ ತರುವ ನೆಪದಲ್ಲಿ ಮೆಟ್ಟಿಲು ಇಳಿದು ಹತ್ತಬೇಡಿ. ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ, ಮೊದಲಲ್ಲ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ, ಹಲ್ಲಿಲ್ಲದ ಅಜ್ಜ-ಮೊಮ್ಮಗಳು ಒಳ್ಳೆ ಜೋಡಿ ಎಂದು ತಮ್ಮನ ಹೆಂಡತಿ ಹೇಳಿದಳು. ನಿಮ್ಮ ಉಣ್ಣೆಯ ಶಾಲು ಇಲ್ಲೇ ಉಳಿದುಬಿಟ್ಟಿದೆ, ನಿಮ್ಮ ಕುರ್ಚಿಯ ಬೆನ್ನಿನ ಮೇಲೆ. ಅಮ್ಮ ಅದನ್ನು ಒಗೆಯಲೂ ಇಲ್ಲ, ಮಡಿಸಿ ಇಡಲೂ ಇಲ್ಲ. ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಓಡಾಡಿಕೊಂಡಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ಉಳಿದದ್ದನ್ನು ಮುಂದೆ ಬರೆಯುತ್ತೇನೆ.

ಫೋನು ಇರುವಾಗ ಪತ್ರ ಯಾಕೆ ಎಂದು ತಮ್ಮ ನಗಬಹುದು. ಯಾಕೆಂದು ನಿಮಗೆ ಗೊತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ. ನಾನು ಏನು ಹೇಳಿದರೂ ನೀವು "ಅದೇ ಮತ್ತೆ" ಎಂದು ಫೋನನ್ನು ಪಕ್ಕದವರಿಗೆ ದಾಟಿಸುತ್ತಿದ್ದಿರಿ. ಈಗ ಅದನ್ನೂ ಹೇಳುವುದಿಲ್ಲವಂತೆ. ಮೊನ್ನೆ ತಮ್ಮನ ಆಫೀಸಿನವರು ಮನೆಗೆ ಬಂದಾಗ ನೀವು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಂತೆ. ನಾಲ್ಕು ಜನ ಸೇರಿದ ಕಡೆ ನಡುವೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ ನೀವು! ಅದಕ್ಕೇ ಬರೆಯಲು ಕೂತೆ.

ನಾನು ನಿರ್ದೇಶಿಸಿದ ನಾಟಕದ ಕಥೆಯನ್ನು ನಿಮಗೆ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಮತ್ತೆ ಬರೆಯುತ್ತೇನೆ, ಯಾಕೆಂದರೆ ಆವತ್ತು ಒಂದು ವಿಷಯ ಬಿಟ್ಟಿದ್ದೆ. ಅದು ಗ್ರೀಕರ ಕಾಲದ ಪ್ರಹಸನ, ಎರಡು ಸಾವಿರ ವರ್ಷಕ್ಕೂ ಹಳೆಯದು. ಒಬ್ಬ ಮುದುಕನಿಗೆ ಊರಿನ ಗದ್ದಲ ಸಾಕಾಗಿ ಹೋಗಿದೆ. ಸಂತೆಯ ಕೂಗು, ಯುದ್ಧದ ನಗಾರಿ, ಮನೆಯೊಳಗಿನ ಜಗಳ ಎಲ್ಲ ಸೇರಿ ತಲೆ ಚಿಟ್ಟು ಹಿಡಿದಿದೆ. ನಿಶ್ಶಬ್ದ ಕೊಡಪ್ಪಾ ಎಂದು ದೇವರನ್ನು ಬೇಡುತ್ತಾನೆ. ದೇವರು ಗದ್ದಲವನ್ನು ತೆಗೆಯುವ ಬದಲು ಅವನ ಕಿವಿಯನ್ನೇ ತೆಗೆದುಬಿಡುತ್ತಾನೆ. ಕಿವಿ ಕೇಳದವನಿಗೆ ಊರಿನ ಸಭೆಯಲ್ಲಿ ಜಾಗವಿಲ್ಲ, ಹಾಗಾಗಿ ಅವನು ಎಲ್ಲ ಕೇಳಿಸಿದವನಂತೆ ನಟಿಸಬೇಕು. ಮೂಲದಲ್ಲಿ ಅವನ ಹಿಂದೆ ಒಬ್ಬ ಆಳು ಕೋಲು ಹಿಡಿದು ನಿಂತಿರುತ್ತಾನೆ. ತಲೆಯಾಡಿಸಬೇಕಾದಾಗ, ನಗಬೇಕಾದಾಗ ಬೆನ್ನಿಗೆ ಒಂದೊಂದು ಬಿಡುತ್ತಾನೆ. ಸುತ್ತ ಜೀರುಂಡೆ ವೇಷದ ಮೇಳ. ಎಲ್ಲರಿಗೂ ದೊಡ್ಡ ಬಾಯಿಯ ಮುಖವಾಡ, ಹೊಟ್ಟೆಗೆ ಕಟ್ಟಿದ ದಿಂಬು.

ನಾನು ಅದನ್ನೆಲ್ಲ ಕಿತ್ತು ಹಾಕಿದೆ. ಈಗಿನ ಜನಕ್ಕೆ ದಿಂಬು ಕಂಡರೆ ನಗು ಬರುವುದಿಲ್ಲ, ನಿಜ ಕಂಡರೆ ಬರುತ್ತದೆ ಎಂದು ನಟರ ಮುಂದೆ ದೊಡ್ಡ ಭಾಷಣ ಬಿಗಿದೆ. ರಂಗದ ಮೇಲೆ ಒಂದು ಬಾಡಿಗೆ ಮನೆ ಎದ್ದಿತು. ನಲ್ಲಿಯಲ್ಲಿ ನಿಜವಾದ ನೀರು, ಒಲೆಯ ಮೇಲೆ ನಿಜವಾಗಿ ಉಕ್ಕುವ ಹಾಲು, ಜೀರುಂಡೆಗಳ ಬದಲು ಹಳೇ ಫ್ರಿಜ್ಜಿನ ಗುಂಯ್ ಸದ್ದು. ಮುದುಕನ ಪಾತ್ರಕ್ಕೆ ನಮ್ಮ ಮೀಸೆ, ಅದೇ, ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಂಜೆ ನಾಟಕಕ್ಕೆ ಬರುವವನು. ಆದರೆ ಮೀಸೆ ಕಿವಿಗೆ ಅಂಗೈ ಆನಿಸಿಕೊಂಡು "ಆಂ? ಆಂ?" ಎಂದು ಅರಚುವುದನ್ನು ಬಿಟ್ಟು ಬೇರೇನೂ ಮಾಡಲಾರ. ತಾಲೀಮಿನಲ್ಲಿ ಒಂದು ನೊಣವೂ ನಗಲಿಲ್ಲ. ಹಾಗಲ್ಲ ಕಣಯ್ಯಾ, ಕೇಳಿಸದವರು ಕಿವಿ ಮುಟ್ಟಿಕೊಳ್ಳುವುದೇ ಇಲ್ಲ ಎಂದು ನಾನೇ ಎದ್ದು ಮಾಡಿ ತೋರಿಸಿದೆ. ಪ್ರಶ್ನೆ ಬಂದಾಗ ಕನ್ನಡಕ ತೆಗೆದು ಒರೆಸುವುದು, ಅಷ್ಟರಲ್ಲಿ ಬೇರೆ ಯಾರಾದರೂ ಉತ್ತರ ಹೇಳಿಬಿಡುತ್ತಾರೆ. ಮಾತಾಡುವವರ ಕಣ್ಣು ನೋಡದೆ ತುಟಿ ನೋಡುವುದು. ಎಲ್ಲದಕ್ಕೂ ಸಲ್ಲುವ ಒಂದೇ ಮಾತು, "ಅದೇ ಮತ್ತೆ." ಮಾಡುತ್ತ ಮಾಡುತ್ತ ನನ್ನ ಭುಜ ತಾನಾಗಿ ನಿಮ್ಮ ಭುಜದಂತೆ ಬಾಗಿತು ಅಪ್ಪಾ. ನಟರು ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು.

ನಿಲ್ಲಿಸಲಿಲ್ಲ. ಆಳಿನ ಕೋಲು ಬಾಕಿಯಿತ್ತಲ್ಲ. ಬಾಡಿಗೆ ಮನೆಯಲ್ಲಿ ಕೋಲು ಹಿಡಿದ ಆಳು ಎಲ್ಲಿಂದ ಬರಬೇಕು? ಅವನ ಬದಲು ಮುದುಕನಿಗೆ ಒಬ್ಬ ಮಗಳನ್ನು ಕೊಟ್ಟೆ. ಅವಳು ಪಕ್ಕದಲ್ಲಿ ಕೂತು, ಯಾರಿಗೂ ಕಾಣದಂತೆ, ಅಪ್ಪನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟುತ್ತಾಳೆ. ಒಂದು ತಟ್ಟಿದರೆ ತಲೆಯಾಡಿಸುವುದು. ಎರಡು ತಟ್ಟಿದರೆ ನಗುವುದು. ಒತ್ತಿ ಹಿಡಿದರೆ ಮುಖ ಸಪ್ಪಗೆ ಮಾಡಿ "ತ್ಚು" ಎನ್ನುವುದು. ನಿಮಗೆ ಬರೆದುಕೊಟ್ಟ ಹಾಳೆಯಲ್ಲಿ ಬಿಟ್ಟದ್ದು ಇದನ್ನೇ. ನೋಡಿದಾಗಲೇ ಗೊತ್ತಾಗಿ ಖುಷಿಪಡಲಿ ಎಂದು ಬಿಟ್ಟಿದ್ದೆ, ನಂಬಿ.

ನಿಮ್ಮ ಗಿರಣಿಯಲ್ಲಿ ನಮಗೆ ಇದರ ಅಗತ್ಯವೇ ಇರಲಿಲ್ಲ, ಅಲ್ಲವೇ? ಆ ಹಿಟ್ಟಿನ ಗಿರಣಿಯೊಳಗೆ ಕಾಲಿಟ್ಟರೆ ಎಲ್ಲರೂ ಕಿವುಡರೇ. ಬೆಲ್ಟು ತಿರುಗುವ ಸದ್ದಿನಲ್ಲಿ ಗಿರಾಕಿಗಳು ಬಾಯಿ ಬಿಟ್ಟೂ ಸುಖವಿಲ್ಲವೆಂದು, ನುಣ್ಣಗೆ ಬೇಕೋ ತರಿಯಾಗಿ ಬೇಕೋ ಎಂಬುದನ್ನು ಬೆರಳು ಉಜ್ಜಿ ತೋರಿಸುತ್ತಿದ್ದರು. ಅಲ್ಲಿ ನಿಮ್ಮಷ್ಟು ಹಾಯಾಗಿ ಇದ್ದವರನ್ನು ನಾನು ಕಂಡಿಲ್ಲ. ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ರಾಜನ ಹಾಗೆ ನಿಂತಿರುತ್ತಿದ್ದಿರಿ. ಕಷ್ಟ ಶುರುವಾಗುತ್ತಿದ್ದುದು ಹೊರಗೆ ಬಂದ ಮೇಲೆ. ನೆಂಟರ ಮನೆಯಲ್ಲಿ ಯಾರೋ ಆಪರೇಷನ್ನಿನ ಸುದ್ದಿ ಹೇಳುತ್ತಿದ್ದಾಗ ನೀವು ಜೋರಾಗಿ ನಕ್ಕುಬಿಟ್ಟಿರಿ. ಎಲ್ಲರೂ ತಿರುಗಿ ನೋಡಿದರು. ವಾಪಸು ಬರುವಾಗ ನೀವು ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಿರಿ. ಮುಂದಿನ ಸಲ ನೆಂಟರ ಮನೆಗೆ ಹೋದಾಗ ನಾನು ನಿಮ್ಮ ಬಲಗಡೆ ಕೂತು ತಟ್ಟಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಮೊದಲ ಸಲಕ್ಕೇ ನಿಮಗೂ ಅರ್ಥವಾಯಿತು. ಬಾಯಲ್ಲಿ ಎಳ್ಳುಕಾಳೂ ನೆನೆಯದವಳು ಎಂದು ನನ್ನನ್ನು "ಬಾಯಿಬಡುಕಿ" ಎಂದು ಕರೆಯುತ್ತಿದ್ದಿರಿ. ಆ ಬಾಯಿಬಡುಕಿ ಇದೊಂದನ್ನು ಮಾತ್ರ ತಮ್ಮನಿಗೆ ಹೇಳಲಿಲ್ಲ, ಅಮ್ಮನಿಗೆ ಹೇಳಲಿಲ್ಲ. ಕೊನೆಗೆ ಟಿಕೆಟ್ ಕೊಂಡು ಬಂದವರಿಗೆಲ್ಲ ಹೇಳಿದಳು.

ಮೊದಲ ಪ್ರದರ್ಶನದ ಮರುದಿನ ಬೆಳಿಗ್ಗೆ ನೀವು ತಿಂಡಿ ತಿಂದು, ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು, "ಪುಟ್ಟೀನ ನೋಡಿ ತುಂಬ ದಿನ ಆಯ್ತು, ಹೋಗಿ ಬರ್ತೀನಿ" ಎಂದಿರಿ. ನಾನು ಅನುಮಾನಪಡಲಿಲ್ಲ. ಪುರುಸೊತ್ತೂ ಇರಲಿಲ್ಲ. ಪೇಪರಿನಲ್ಲಿ ವಿಮರ್ಶೆ ಬಂದಿತ್ತು, ಇಂಥ ಸೂಕ್ಷ್ಮವನ್ನು ನಿರ್ದೇಶಕಿ ಎಲ್ಲಿಂದ ತಂದರೋ ಎಂದು ಬರೆದಿದ್ದರು. ಕೇಳಿದವರಿಗೆಲ್ಲ ನಾನು "ಗಮನಿಸೋದೇ ನಮ್ಮ ಕೆಲಸ ಅಲ್ವಾ" ಎನ್ನುತ್ತ ಓಡಾಡುತ್ತಿದ್ದೆ. ಚಪ್ಪಾಳೆಯ ರುಚಿ ಹತ್ತಿದವರಿಗೆ ಬೇರೇನೂ ಕಾಣುವುದಿಲ್ಲ ಅಪ್ಪಾ. ಮುಂದಿನ ವಾರ ಟೀ ಅಂಗಡಿಯಲ್ಲಿ ಕಾಲೇಜು ಹುಡುಗರು ಒಬ್ಬರಿಗೊಬ್ಬರು "ಅದೇ ಮತ್ತೆ" ಎಂದು ಕನ್ನಡಕ ಒರೆಸಿ ತೋರಿಸಿ ನಗುತ್ತಿದ್ದರು. ಅವರಿಗೆ ಅದು ನಾಟಕದ ಮಾತು. ನಿಮಗೆ ಆ ಮಾತನ್ನು ಇನ್ನು ಬಾಯಿಗೆ ತರಲಾಗುವುದಿಲ್ಲ ಎಂದು ನನಗೆ ಹೊಳೆದದ್ದು ಆಗ, ಕೈಯಲ್ಲಿ ಲೋಟ ಹಿಡಿದುಕೊಂಡು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅವಳು ನಾಟಕ ನೋಡಿ ಬಂದ ದಿನ ನಕ್ಕಳು, ಮಾರನೇ ದಿನ ಸುಮ್ಮನಾದಳು. ನಿಮಗೆ ಕಿವಿ ಸ್ವಲ್ಪ ಮಂದ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ ಎಂದು ಜೀವಮಾನವೆಲ್ಲ ಬೈದುಕೊಂಡು ಬಂದವಳು. ನೀವು ಹೋಗಿ ಕೆಲವು ದಿನದ ಮೇಲೆ, ಪಾತ್ರೆ ತೊಳೆಯುತ್ತ ನಿಂತವಳು ನಲ್ಲಿ ನಿಲ್ಲಿಸಿ ಕೇಳಿದಳು: "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ?" ಅವಳು ನಿಮ್ಮ ಮೇಲೆ ಸಿಟ್ಟಾಗಿದ್ದಾಳೆ, ಇಲ್ಲವೆನ್ನುವುದಿಲ್ಲ. ಆದರೆ ಈಗ ನನ್ನೊಡನೆ ಮಾತಾಡುವಾಗಲೂ ಕೆಲಸ ಬಿಟ್ಟು, ಎದುರಿಗೆ ಬಂದು ನಿಂತು, ತುಟಿ ಬಿಡಿಸಿ ಬಿಡಿಸಿ ಮಾತಾಡುತ್ತಾಳೆ. ನನಗೇಕಮ್ಮಾ ಹೀಗೆ ಎಂದರೆ "ಅಭ್ಯಾಸ ಆಗ್ಲಿ ಬಿಡು" ಎನ್ನುತ್ತಾಳೆ. ಅವಳು ಅಭ್ಯಾಸ ಮಾಡಿಕೊಳ್ಳುತ್ತಿರುವುದು ಯಾರಿಗಾಗಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ವಾರದಿಂದ ನಾಟಕದಲ್ಲಿ ಮಗಳ ಪಾತ್ರವಿಲ್ಲ. ಮುಖವಾಡಗಳನ್ನು ಮಾಡಿಸಿದೆ, ದಿಂಬು ಕಟ್ಟಿಸಿದೆ, ಆಳಿನ ಕೈಗೆ ಮತ್ತೆ ಕೋಲು ಕೊಟ್ಟೆ. ಮೀಸೆಗೆ ಅಳುವುದೊಂದೇ ಬಾಕಿ. "ಚಪ್ಪಾಳೆ ಬೀಳೋ ಜಾಗಾನೇ ಕಿತ್ತು ಹಾಕ್ತೀರಲ್ಲ ಮೇಡಂ" ಎಂದ. ಅವನ ಮಾತು ಸರಿಯೇ, ಈಗ ಅರ್ಧ ಕುರ್ಚಿಗಳು ಖಾಲಿ ಇರುತ್ತವೆ. ಇದನ್ನು ತ್ಯಾಗವೆಂದು ಬರೆಯುತ್ತಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನನ್ನ ಕೆಲಸ. ಒಂದು ಮಾತ್ರ ತಡವಾಗಿ ತಿಳಿಯಿತು. ಆ ಹಳೆಯ ಕಾಲದವರು ಅಷ್ಟು ದೊಡ್ಡ ಬಾಯಿಯ ಮುಖವಾಡ ಹಾಕುತ್ತಿದ್ದುದು ನಟನೆ ಬಾರದ್ದರಿಂದ ಇರಲಿಕ್ಕಿಲ್ಲ. ಆ ಮುಖ ಊರಿನಲ್ಲಿ ಯಾರ ಮುಖವೂ ಅಲ್ಲವಲ್ಲ, ನೋಡುವವರು ಧೈರ್ಯವಾಗಿ ನಗಬಹುದು. ಕೋಲಿನ ಏಟು ಎಷ್ಟು ಬಿದ್ದರೂ ಅದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ನಾನು ಬೆರಳಿನಿಂದ ತಟ್ಟಿಸಿದೆ, ಅದು ನಿಮಗೆ ಬಿತ್ತು.

ಮೊದಲ ಪ್ರದರ್ಶನಕ್ಕೆಂದು ಒಬ್ಬನೇ ಬಂದುಹೋಗಿದ್ದ ತಮ್ಮನಿಗೆ ಇಷ್ಟನ್ನು ಹೇಳಿದಾಗ ಅವನು ಒಪ್ಪಲಿಲ್ಲ. "ಅಪ್ಪ ಆವತ್ತು ನಕ್ಕಿದ್ದನ್ನ ನಾನೇ ನೋಡಿದೀನಿ ಕಣೇ, ನೀನ್ಯಾಕೆ ಸುಮ್ನೆ ಒದ್ದಾಡ್ತೀಯಾ" ಎಂದ. ಹೌದು, ನೀವು ನಕ್ಕಿರಿ. ಎಲ್ಲರ ಜೊತೆಗೇ, ಸರಿಯಾದ ಹೊತ್ತಿಗೆ ನಕ್ಕಿರಿ. ನಾನು ಫೋನ್ ಇಟ್ಟುಬಿಟ್ಟೆ.

ಬೇಗ ಬನ್ನಿ ಎಂದು ಒತ್ತಾಯ ಮಾಡುವ ಮುಖ ನನಗಿಲ್ಲ. ಬರುವ ಮನಸ್ಸಾದ ದಿನ ಒಂದು ಸಾಲು ಬರೆದು ಹಾಕಿ, ಸ್ಟೇಷನ್ನಿಗೆ ಬಂದು ನಿಂತಿರುತ್ತೇನೆ. ಅಲ್ಲಿಯವರೆಗೆ ತಮ್ಮನ ಮನೆಗೆ ಯಾರಾದರೂ ಬಂದರೆ ಒಳಗೆ ಹೋಗಬೇಡಿ ಅಪ್ಪಾ. ನನಗೆ ಸರಿಯಾಗಿ ಕೇಳಿಸಲ್ಲ, ಈ ಕಡೆ ತಿರುಗಿ ಹೇಳಿ ಎಂದುಬಿಡಿ. ತಿರುಗದವರ ಮಾತು ಕೇಳದಿದ್ದರೆ ನಷ್ಟವೇನಿಲ್ಲ. ತಮ್ಮನಿಗೆ, ಅವನ ಹೆಂಡತಿಗೆ ನನ್ನ ನೆನಪು ಹೇಳಿ, ಪುಟ್ಟಿಯ ಹಲ್ಲಿನ ಖಾಲಿ ಜಾಗಕ್ಕೊಂದು ಮುತ್ತು. ನಿಮಗೆ ನನ್ನ ನಮಸ್ಕಾರ.

ನಿಮ್ಮ
ಬಾಯಿಬಡುಕಿ

ಮರೆತಿದ್ದೆ: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ, ಹಾಳೆ ಸ್ವಲ್ಪ ಹರಿದಿದೆ. ಮರೆತಿದ್ದೆ ಎಂಬುದು ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ. ಮೊದಲ ಪ್ರದರ್ಶನದ ದಿನ ನಿರ್ದೇಶಕಿಯಾದವಳು ಹಿಂದೆ ನಿಂತು ಬೆವರಬೇಕಿತ್ತು. ಹಠ ಹಿಡಿದು ನಿಮ್ಮ ಬಲಗಡೆ ಕೂತೆ, ನೀವು ಎಂದಿನಂತೆ ನಿಮ್ಮ ಕೈಯನ್ನು ನನ್ನ ಪಕ್ಕಕ್ಕೆ ಇಟ್ಟಿರಿ. ರಂಗದ ಮೇಲೆ ಆ ಹುಡುಗಿ ಮೀಸೆಯ ಕೈಗೆ ತಟ್ಟಿದಳು, ಇಡೀ ಸಭಾಂಗಣ ಹೋ ಎಂದು ನಕ್ಕಿತು. ಆಗ ನನ್ನ ಬೆರಳು, ನನ್ನನ್ನು ಒಂದು ಮಾತೂ ಕೇಳದೆ, ನಿಮ್ಮ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿತು. ನೀವು ನಕ್ಕಿರಿ. ನಗುತ್ತಲೇ ರಂಗದ ಕಡೆ ನೋಡಿದಿರಿ, ಆಮೇಲೆ ನಿಮ್ಮ ಕೈ ನೋಡಿಕೊಂಡಿರಿ, ಆಮೇಲೆ ಅದನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡಿರಿ. ನಿಮ್ಮನ್ನು ನೋಡಿ ಜನ ನಗುವಾಗ ನೀವೂ ನಗಿ ಎಂದು ಹೇಳಿದವಳು ನಾನೇ ಅಪ್ಪಾ. ಬನ್ನಿ. ಇನ್ನು ಮುಂದೆಯೂ ನಿಮ್ಮ ಬಲಗಡೆ ನಾನೇ ಕೂರುತ್ತೇನೆ, ಆದರೆ ತಟ್ಟುವುದಿಲ್ಲ. ಏನಂದರು ಎಂದು ನೀವು ಕೇಳಿ, ನಾನು ಹೇಳುತ್ತೇನೆ. ನಗಬೇಕೋ ಬೇಡವೋ ನೀವೇ ನೋಡಿಕೊಳ್ಳಿ.