ಬಾಗಿಲ ಹತ್ತಿರದ ಸ್ಟೂಲು

ಮಾರ್ಚ್ ೪, ಬೆಳಿಗ್ಗೆ ೭
ಬಿ.ಪಿ. ೧೫೮. ಮಾತ್ರೆ ನುಂಗಿದೆ. ಹೆಂಡತಿಯ ಬಲಗಾಲಿಗೆ ಎಣ್ಣೆ ಹಚ್ಚಿ, ಮಂಡಿ ನೀವಿದ್ದಾಯಿತು. ಲಕ್ವ ಹೊಡೆದು ಹದಿನಾಲ್ಕು ತಿಂಗಳು. ಮಾತು ಒಳಗಿದೆ, ಹೊರಗೆ ಬರಲು ಹೊತ್ತು ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ನಾನೇ ಹೇಳಿಬಿಡುತ್ತೇನೆ.

ನಿನ್ನೆ ಆರೋಗ್ಯದ ಆಫೀಸಿನಿಂದ ಕಾಗದ ಬಂತು. ನಮ್ಮ ಬೀದಿಯ ಆಸ್ಪತ್ರೆಯ ವ್ಯಾಯಾಮದ ಕೋಣೆ ಮುಚ್ಚಿ, ದೊಡ್ಡಾಸ್ಪತ್ರೆಗೆ ಸೇರಿಸುವ ಯೋಚನೆಯಂತೆ. ಎರಡು ಬಸ್ಸು ಹತ್ತಬೇಕು. ಇವಳು ಕಂಬಿ ಹಿಡಿದು ಮತ್ತೆ ಎದ್ದು ನಿಂತದ್ದು ಆ ಕೋಣೆಯಲ್ಲಿ. ಮುಚ್ಚಿದರೆ ಮಂಚವೇ ಗತಿ.

ಮೊದಲು ಜನರ ಮಾತು ಕೇಳುತ್ತಾರಂತೆ. ಚೀಟಿ ಎತ್ತಿ ಹದಿನೆಂಟು ಜನರನ್ನು ಆರಿಸಿದ್ದಾರೆ. ಅದರಲ್ಲಿ ಇವಳ ಹೆಸರು. ಜೊತೆಗೆ ಒಬ್ಬರು ಬರಬಹುದು. ಎಲ್ಲಾ ಕಣ್ಣೊರೆಸುವ ಆಟ. ಹೋಗುತ್ತೇನೆ. ಬೈದಾದರೂ ಬರುತ್ತೇನೆ.

ಮಾರ್ಚ್ ೯
ಇಬ್ಬರೂ ಸಭೆಗೆ ಹೋದೆವು. ಮೇಜಿಲ್ಲ, ವೇದಿಕೆಯಿಲ್ಲ. ಕುರ್ಚಿ ದುಂಡಗೆ ಹಾಕಿದ್ದರು. ಆಫೀಸರುಗಳು ಹಿಂದಿನ ಸಾಲಿನಲ್ಲಿ, ಬಾಯಿ ಮುಚ್ಚಿಕೊಂಡು. ನಡೆಸುವವಳು ಕನ್ನಡಕದ ಮೇಡಂ, ನನ್ನ ಮಗಳ ವಯಸ್ಸು. ಹೇಳಿದ್ದನ್ನು ಕಾರ್ಡಿನಲ್ಲಿ ಬರೆದು, ಓದಿ, ಹೀಗೇ ಹೇಳಿದ್ದಾ ಎಂದು ಕೇಳುತ್ತಾಳೆ. ಹೌದು ಅನ್ನುವ ತನಕ ಮುಂದಕ್ಕೆ ಹೋಗುವುದಿಲ್ಲ.

ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವನು ನಾನು. ಎದ್ದು ಹೇಳಿದೆ: "ನಿಮ್ಮ ಪ್ಲಾನು ಅಳತೆ ತಗೊಳ್ದೆ ಹೊಲಿದ ಪ್ಯಾಂಟು. ಹಾಕ್ಕೊಳ್ಳೋನು ಕುಂಟ್ಬೇಕು, ಅಷ್ಟೆ."

ಅದನ್ನೂ ಹಾಗೇ ಬರೆದಳು. ಓದಿದಳು. ಜನ ನಕ್ಕರು. ಇವಳ ಹೆಸರಿಗೆ ಬರೆದುಕೊಳ್ಳಿ ಅಂದೆ.

"ಅಮ್ಮ ಇನ್ನೂ ಮಾತಾಡಿಲ್ವಲ್ಲ," ಅಂದಳು ಮೇಡಂ.

ಕಾರ್ಡು 'ಜೊತೆಗೆ ಬಂದವರು' ಡಬ್ಬಿಗೆ ಹೋಯಿತು. ಬಿ.ಪಿ. ೧೭೨.

ಮಾರ್ಚ್ ೧೦
ಡಬ್ಬಿಗೆ ಹಾಕಿದಳು. ನನ್ನನ್ನು!

ಮಾರ್ಚ್ ೧೬, ಸಂಜೆ
ಇವಳ ಸರದಿ ಬಂತು. ನಾನು ಬಾಯಿ ತೆರೆದೆ. ಮೇಡಂ, ಯಜಮಾನ್ರೇ ಸ್ವಲ್ಪ ತಡೀರಿ, ಅಂದಳು. ತಡೆದೆ.

ಒಂದು ನಿಮಿಷ. ಎರಡು. ಯಾರೂ ಕೆಮ್ಮಲಿಲ್ಲ. ಹಿಂದಿನ ಸಾಲಿನ ದೊಡ್ಡ ಸಾಹೇಬ ಗಡಿಯಾರ ನೋಡಿದ. ಮೇಡಂ ಅವನನ್ನು ನೋಡಿದಳು. ಸಾಹೇಬನ ಕೈ ಜೇಬಿಗೆ ಹೋಯಿತು.

"ಕೋಣೆ... ಬೇಕು," ಅಂದಳು ಇವಳು. "ಇವ್ರು... ಹೊರಗೆ."

ಜನ ನಕ್ಕರು. ಇವಳು ಕೈಯೆತ್ತಿದಳು — ಇನ್ನೂ ಮುಗಿದಿಲ್ಲ.

"ನೋವು ಎಲ್ಲಿ ಅಂತ... ನನ್ನ ಕೇಳ್ತಾರೆ. ಇವ್ರು ಹೇಳ್ತಾರೆ. ಮಂಡಿ ಅಂತ." ಉಸಿರು ಎಳೆದುಕೊಂಡಳು. "ಸೊಂಟ."

ವ್ಯಾಯಾಮ ಮಾಡಿಸುವ ಹುಡುಗಿ ವರ್ಷದಿಂದ ಮಂಡಿ ಮಡಿಚಿಸುತ್ತಿದ್ದಾಳೆ. ನನ್ನ ಮಾತು ನಂಬಿ. ನಾನು ಮನೆಯಲ್ಲಿ ಮಂಡಿಗೇ ಎಣ್ಣೆ ತಿಕ್ಕಿದ್ದೇನೆ.

ಮೇಡಂ ಕಾರ್ಡು ಓದಿದಳು. ಹೀಗೇ ಹೇಳಿದ್ದಾ ಅಮ್ಮಾ ಅಂದಳು. ಇವಳು ತಲೆ ಅಡ್ಡ ಆಡಿಸಿದಳು. ಮತ್ತೆ ಎಲ್ಲರೂ ಕಾದರು.

"ಹೊರಗೆ ಬೇಡ. ಬಾಗಿಲ ಹತ್ರ... ಇರ್ಲಿ."

ಮಾರ್ಚ್ ೧೭
ಸೊಂಟ. ಬಿ.ಪಿ. ನೋಡಲಿಲ್ಲ.

ಏಪ್ರಿಲ್ ೧೧
ಮೇಡಂ ಮನೆಗೇ ಬಂದಳು. ವರದಿಗೆ ಹಾಕುವ ಇವಳ ಮಾತನ್ನು ಸ್ವಲ್ಪ ಗಂಭೀರವಾಗಿ ತಿದ್ದಿ ಅಂದನಂತೆ ದೊಡ್ಡ ಸಾಹೇಬ. ಹೇಳಿದವರನ್ನು ಕೇಳದೆ ತಿದ್ದೋದಿಲ್ಲ ಅಂದಳಂತೆ ಮೇಡಂ. ಒಂದೇ ಒಂದು ವಾಕ್ಯಕ್ಕೆ ಒಂದು ಗಂಟೆ ಸ್ಟೂಲಿನ ಮೇಲೆ ಕೂತಳು. ಕೊಟ್ಟ ನೀರು ಕುಡಿದಳು, ಕಾದಳು. ಕೊನೆಗೆ ನಮ್ಮವಳ ಉತ್ತರ: "ಬೇಡ."

ಸರಿ ಎಂದು ಎದ್ದು ಹೋದಳು. ಮುಖದಲ್ಲಿ ಬೇಸರವಿಲ್ಲ. ನಾನು ಸುಲಭಕ್ಕೆ ಯಾರನ್ನೂ ಮೆಚ್ಚುವವನಲ್ಲ. ಈ ಹೆಣ್ಣುಮಗಳನ್ನು ಮೆಚ್ಚಿದೆ. ಅಳತೆ ತಗೊಳ್ಳದೆ ಕತ್ತರಿ ಹಾಕದವಳು.

ಏಪ್ರಿಲ್ ೨೮
ಕಾಗದ ಬಂತು. ಕೋಣೆ ಉಳಿಯಿತು! ವಾರಕ್ಕೆ ಐದು ದಿನ ಇದ್ದದ್ದು ಮೂರಾಗಿದೆ. ಆಗಲಿ, ಕಾಲಿಗೆ ನೆಲ ಸಿಕ್ಕಿತು. ಜೊತೆಗೆ ಎಲ್ಲಾ ಆಸ್ಪತ್ರೆಗಳಿಗೂ ಹೊಸ ನಿಯಮ: ಮೊದಲು ರೋಗಿಯನ್ನೇ ಕೇಳಬೇಕು, ಉತ್ತರ ಬರುವ ತನಕ ಕಾಯಬೇಕು. ಕೆಳಗೆ ಇವಳ ಮಾತು, ಹೇಳಿದ ಹಾಗೇ. "ಬಾಗಿಲ ಹತ್ರ ಇರ್ಲಿ." ಮೂರು ಸಲ ಓದಿಸಿದಳು.

ಮೇ ೬, ಸಂಜೆ
ಇವತ್ತು ವ್ಯಾಯಾಮದ ಕೋಣೆಯ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದೆ. ಈಗ ಸೊಂಟಕ್ಕೆ ವ್ಯಾಯಾಮ. ಕಂಬಿ ಬಿಟ್ಟು ಆರು ಹೆಜ್ಜೆ ಹಾಕಿದಳು. ಪಕ್ಕದಲ್ಲಿ ನಿಂತು ಹಿಡಿದುಕೊಳ್ಳುತ್ತಿದ್ದಾಗ ಇವಳ ಮುಖ ನನಗೆ ಕಂಡೇ ಇರಲಿಲ್ಲ. ಇವತ್ತು ಕಂಡಿತು.

ಈಗ ಮನೆಯಲ್ಲಿ, ನಾನು ಇದನ್ನು ಬರೆಯುತ್ತಿರುವಾಗ, ಎದುರಿಗೆ ಬಂದು ನಿಂತಿದ್ದಾಳೆ. ಏನೋ ಹೇಳಬೇಕು. ನೀರು ಬೇಕಾ ಅಂತ ಬಾಯಿಗೆ ಬಂತು, ನುಂಗಿದೆ. ತುಟಿ ಅಲ್ಲಾಡುತ್ತಿದೆ. "ನೀವು..." ಅಂದಳು.

ಕಾಯುತ್ತೇನೆ. ಪೆನ್ನು ಕೆಳಗಿಟ್ಟು —