ಅಮ್ಮನ ದನಿ ಎಲ್ಲರಿಗೂ ಪುಕ್ಕಟೆ

ಭಾನುವಾರ, ೧೪ ಜುಲೈ

ತಮ್ಮನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಕಾಣುತ್ತಿರಬೇಕು. ನಾವೆಲ್ಲ ಆರೋಗ್ಯವಾಗಿದ್ದೇವೆ. ಬರೆಯಲು ತಡವಾಯಿತು, ಕೋಪ ಇಳಿಯಲಿ ಎಂದು ಕಾದೆ, ಅದು ಇಳಿಯುವ ಹಾಗೆ ಕಾಣಲಿಲ್ಲ. ಮೆಸೇಜು ಮಾಡಿ ಬೈದರೆ ನೀನು ಹೆಬ್ಬೆರಳ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ಕಳೆದ ಸಲ ಬಂದಾಗ, ಯಾರೂ ಕೇಳದಿದ್ದರೂ, ನನ್ನ ಕನ್ನಡಕದಂಗಡಿಯ ಕಂಪ್ಯೂಟರಿಗೆ ನಿನ್ನ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಇದು ಎಲ್ಲರ ಸ್ವತ್ತು, ಇನ್ನು ನೀನು ಯಾವ ಕಂಪನಿಯ ಗುಲಾಮಳೂ ಅಲ್ಲ ಎಂದು ಭಾಷಣ ಬಿಗಿದೆ. ಅದಕ್ಕೂ ಪ್ರಿಂಟರಿಗೂ ಇವತ್ತಿಗೂ ಮಾತುಕತೆ ಇಲ್ಲ. ಬಿಲ್ಲನ್ನು ಕೈಯಲ್ಲೇ ಬರೆಯುತ್ತೇನೆ. ಅದನ್ನು ನುಂಗಿಕೊಂಡೆ. ಆದರೆ ಹಳೆಯ ಫೈಲುಗಳನ್ನು ಕಾಪಿ ಮಾಡುವಾಗ ಅಮ್ಮನ ದನಿ ನಿನ್ನ ಕೈಗೆ ಸಿಕ್ಕಿತಲ್ಲ, ಅಲ್ಲಿ ನೀನು ಮಾಡಿದ್ದನ್ನು ನುಂಗಲಾರೆ.

ಗಂಟಲಿನ ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ, ಅಂಗಡಿ ಮುಚ್ಚಿ ಅಮ್ಮನ ಪಕ್ಕ ಕೂತು ಅದನ್ನು ರೆಕಾರ್ಡ್ ಮಾಡಿದವಳು ನಾನು. ರೆಕಾರ್ಡ್ ಎಂದರೆ ಅಮ್ಮನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಅವಳಿಗೆ ಗೊತ್ತಾಗದಂತೆ ಫ್ಯಾನ್ ಆರಿಸಿ, ಮೊಬೈಲಿನ ಮೇಲೆ ಟವೆಲು ಹಾಕಿ, ನಮ್ಮನ್ನು ಎಬ್ಬಿಸುತ್ತಿದ್ದ ಮಾತುಗಳನ್ನೆಲ್ಲ ಹೇಳಿಸಿಕೊಂಡು, ಕಳೆದುಹೋಗದಿರಲಿ ಎಂದು ಅಂಗಡಿಯ ಕಂಪ್ಯೂಟರಿಗೂ ಹಾಕಿಟ್ಟೆ. ಆಗ ನಿನಗೆ ರಜೆ ಸಿಗಲಿಲ್ಲ.

ಅದನ್ನು ನೀನು ನನ್ನನ್ನೂ ಕೇಳದೆ ಪುಕ್ಕಟೆ ಸದ್ದುಗಳ ಸೈಟಿಗೆ ಏರಿಸಿದೆ. ಯಾರು ಬೇಕಾದರೂ ಏನಕ್ಕೆ ಬೇಕಾದರೂ ಬಳಸಬಹುದು, ಕೊಟ್ಟವರ ಹೆಸರು ಹಾಕಿದರೆ ಸಾಕಂತೆ. ಈಗ ನನ್ನ ಮಗಳು ಆಡುವ ಗೇಮಿನಲ್ಲಿ ಸಿಪಾಯಿ ಗುಂಡು ತಿಂದು ಬಿದ್ದಾಗಲೆಲ್ಲ ಅಮ್ಮ ಮಾತಾಡುತ್ತಾಳೆ: “ಏಳು ಕಂದ, ಬೆಳಗಾಯ್ತು.” ಅವನು ಎದ್ದು ಮತ್ತೆ ಕೊಲ್ಲಲು ಹೋಗುತ್ತಾನೆ. ಮೊದಲ ದಿನ ಅಮ್ಮನಿಗೆ ಮಾತು ಬಂತೆಂದು ನಾನು ಒಲೆ ಆರಿಸದೆ ಓಡಿಬಂದೆ.

ತೆಗೆಸು ಎಂದರೆ, ಒಮ್ಮೆ ಕೊಟ್ಟಿದ್ದನ್ನು ವಾಪಸ್ ಪಡೆಯಲಾಗದು, ಹಂಚಿದರೇ ಬೆಳೆಯುವುದು ಎಂದು ನನಗೇ ಪಾಠ ಹೇಳಿದೆ. ಹಂಚುವ ತೆವಲಿದ್ದರೆ ನಿನ್ನ ಗೊರಕೆಯನ್ನು ಹಂಚಬಹುದಿತ್ತು. ಅದಂತೂ ಧಾರಾಳವಾಗಿದೆ.

ನಿನಗೆ ಒಳ್ಳೆಯದಾಗಲಿ, ಅಕ್ಕ ಅನ್ನಿಸಿಕೊಂಡವಳು ಅಷ್ಟಾದರೂ ಬರೆಯಬೇಕು. ಇನ್ನು ಮೇಲೆ ಈ ಮನೆಯ ಯಾವ ಯಂತ್ರವನ್ನೂ ಮುಟ್ಟಬೇಡ.

ನಿನ್ನ ಅಕ್ಕ

ಮತ್ತೊಂದು ಮಾತು: ನಿನ್ನೆ ಅಮ್ಮನೂ ಕೇಳಿಸಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ನಕ್ಕಳು. ಗೇಮಿನ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ನಿನ್ನದನ್ನು ಮಗಳು ಹುಡುಕಿ ತೋರಿಸಿದಳು. ಅಮ್ಮ ಪರದೆಯ ಮೇಲೆಯೇ ಅದನ್ನು ಸವರಿದಳು. ಆಮೇಲೆ ಸ್ಲೇಟಿನಲ್ಲಿ ಬರೆದು ನನ್ನತ್ತ ಹಿಡಿದಳು: “ನೋಡು, ನನ್ನ ದನೀನ ನನ್ನ ಮಗ ಉಳಿಸಿದಾನೆ.” ಹೌದಮ್ಮ ಎಂದೆ. ಉಳಿಸಿದ್ದು ಯಾರು ಎಂದು ನೀನೇ ಬಂದು ಅವಳಿಗೆ ಹೇಳು. ನಾನು ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾಳೆ. ಹೊಟ್ಟೆಕಿಚ್ಚು ಇಲ್ಲ ಎಂದು ನಾನೂ ಹೇಳುವುದಿಲ್ಲ.